ಗುಲಗಂಜಿ ಹುಳುವಿಗೆ ಬೆಚ್ಚನೆಯ ಕೋಣೆ ಬೇಡ

ಕೇಳುಗರೆಲ್ಲರಿಗೂ ನಮಸ್ಕಾರ. ಚಳಿಗಾಲ ಕಾಲಿಡುವ ಹೊತ್ತಿಗೆ ಕಿಟಕಿಯ ಚೌಕಟ್ಟಿನ ಸಂದಿಯಲ್ಲಿ, ಪರದೆಯ ಮಡಿಕೆಯಲ್ಲಿ, ಕೆಂಪು ಮೈಯ ಮೇಲೆ ಕಪ್ಪು ಚುಕ್ಕೆಗಳಿರುವ ಗುಲಗಂಜಿ ಹುಳುಗಳು, ಅಂದರೆ ಲೇಡಿಬರ್ಡ್‌ಗಳು, ಹತ್ತಾರು ಒಟ್ಟಿಗೆ ಒತ್ತಿಕೊಂಡು ಕುಳಿತಿರುವುದನ್ನು ನಿಮ್ಮಲ್ಲಿ ಕೆಲವರು ಕಂಡಿರುತ್ತೀರಿ. ಅಯ್ಯೋ ಪಾಪ, ಚಳಿಗೆ ಬಂದಿವೆ ಎಂದು ಅವುಗಳನ್ನು ಹೀಟರಿನ ಪಕ್ಕಕ್ಕೆ ಒಯ್ಯುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಈ ಹುಳುವನ್ನು ಕಾಯುವುದು ತಂಪು, ಕೊಲ್ಲುವುದು ಕೋಣೆಯ ಬಿಸಿ.

ಹಗಲು ಗಿಡ್ಡವಾಗಿ, ಊಟವಾದ ಸಸ್ಯಹೇನುಗಳು, ಅಂದರೆ ಗಿಡದ ರಸ ಹೀರುವ ಪುಟ್ಟ ಕೀಟಗಳು, ಕಡಿಮೆಯಾದಾಗ, ಹುಳು ಮೈಯಲ್ಲಿ ಕೂಡಿಟ್ಟ ಕೊಬ್ಬನ್ನೇ ನಂಬಿ ಶಿಶಿರನಿದ್ರೆಗೆ ಜಾಗ ಹುಡುಕುತ್ತದೆ. ಬಿಸಿಲು ಬೀಳುವ ತಿಳಿಬಣ್ಣದ ಗೋಡೆ ಅದನ್ನು ಸೆಳೆಯುತ್ತದೆ, ಮೊದಲು ಬಂದವುಗಳ ವಾಸನೆ ಹಿಡಿದು ಉಳಿದವು ಸೇರುತ್ತವೆ. ತಣ್ಣಗಿರುವಷ್ಟು ಕಾಲ ಆ ಕೊಬ್ಬು, ಬತ್ತಿ ತಗ್ಗಿಸಿದ ಲಾಟೀನಿನ ಎಣ್ಣೆಯಂತೆ ನಿಧಾನವಾಗಿ ಸವೆಯುತ್ತದೆ. ಬಿಸಿ ತಗುಲಿತೋ, ಹುಳು ಎಚ್ಚೆತ್ತು ಅಲೆದಾಡಿ, ತಿನ್ನಲು ಏನೂ ಸಿಗದೆ, ಒಣಗಾಳಿಗೆ ಮೈಯ ನೀರನ್ನೂ ಕಳೆದುಕೊಂಡು ಸಾಯುತ್ತದೆ.

ಇದನ್ನು ನಾನು ಕಲಿತದ್ದು ಪುಸ್ತಕದಿಂದ ಎಂದುಕೊಳ್ಳಬೇಡಿ. ವಿದ್ಯಾರ್ಥಿಯಾಗಿದ್ದಾಗ ಕೋಣೆಯ ಕಿಟಕಿಯಿಂದ 40 ಹುಳುಗಳನ್ನು ಆಯ್ದು, ಅರ್ಧವನ್ನು ಗಾಜಿನ ಜಾಡಿಯಲ್ಲಿ ಹತ್ತಿಯ ಹಾಸಿಗೆ ಮಾಡಿ ಓದುವ ಮೇಜಿನ ಮೇಲಿಟ್ಟೆ. ಜಾಡಿ ಸಾಲದ್ದರಿಂದ ಉಳಿದ ಅರ್ಧವನ್ನು ರಟ್ಟಿನ ಡಬ್ಬಿಗೆ ಹಾಕಿ, ಸಾಮಾನು ತುಂಬುವ ತಣ್ಣನೆಯ ಶೆಡ್ಡಿನಲ್ಲಿಟ್ಟು ಸಂಪೂರ್ಣವಾಗಿ ಮರೆತೆ. ಜಾಡಿಯವು ದಿನವಿಡೀ ಗಾಜು ಹತ್ತಿ ಜಾರುತ್ತಿದ್ದವು. ಎಷ್ಟು ಲವಲವಿಕೆ ಎಂದು ಗೆಳೆಯರನ್ನೆಲ್ಲ ಕರೆದು ತೋರಿಸಿದ್ದೇ ತೋರಿಸಿದ್ದು. ಚಳಿಗಾಲ ಅರ್ಧ ಕಳೆಯುವುದರೊಳಗೆ ಅವೆಲ್ಲ ಕಾಲು ಮೇಲೆ ಮಾಡಿ ಬಿದ್ದಿದ್ದವು, ಕೈಗೆತ್ತಿಕೊಂಡರೆ ಒಣ ಸಿಪ್ಪೆಯಷ್ಟು ಹಗುರ. ವಸಂತದಲ್ಲಿ ಬೇರೇನನ್ನೋ ಹುಡುಕುತ್ತಾ ರಟ್ಟಿನ ಡಬ್ಬಿ ತೆರೆದಾಗ, ಮೂರ‍್ನಾಲ್ಕು ಸತ್ತಿದ್ದರೂ ಉಳಿದವು ಕಾಲು ಮಡಚಿಕೊಂಡು ಮೂಲೆಯಲ್ಲಿ ಗುಂಪಾಗಿದ್ದವು. ಒಂದನ್ನು ಅಂಗೈಯಲ್ಲಿಟ್ಟು ಉಸಿರು ಬಿಟ್ಟೆ. ಮೊಣಕಾಲಿನ ಕೀಲಿನಿಂದ ಹಳದಿ ಹನಿಯೊಂದನ್ನು ಒಸರಿಸಿ ನನ್ನನ್ನು ಗದರಿಸಿತು, ಆಮೇಲೆ ಬೆರಳಿನ ತುದಿಗೆ ಹತ್ತಿ, ಕೆಂಪು ಕವಚ ಎತ್ತಿ, ಅದರಡಿ ಮಡಚಿಟ್ಟಿದ್ದ ಉದ್ದನೆಯ ರೆಕ್ಕೆ ಬಿಡಿಸಿ ಹಾರಿಹೋಯಿತು.

ಸಮಯ ಕಡಿಮೆಯಿದೆ, ಉಳಿದದ್ದನ್ನು ಬೇಗ ಮುಗಿಸುತ್ತೇನೆ. ಇವು ಮರ, ಬಟ್ಟೆ ತಿನ್ನುವುದಿಲ್ಲ, ಮನೆಯಲ್ಲಿ ಮರಿ ಮಾಡುವುದಿಲ್ಲ. ವಿಷ ಸಿಂಪಡಿಸುವ ಮಾತನ್ನೇ ಎತ್ತಬೇಡಿ. 2004ರಲ್ಲಿ ಬ್ರಿಟನ್ನಿಗೆ ಕಾಲಿಟ್ಟ, ಪೂರ್ವ ಏಷ್ಯಾ ಮೂಲದ ಹಾರ್ಲೆಕ್ವಿನ್ ಜಾತಿ ಅಲ್ಲಿನ ಸ್ಥಳೀಯ ಜಾತಿಗಳನ್ನು ಹಿಮ್ಮೆಟ್ಟಿಸುತ್ತಿದೆ ಎಂಬುದು ನಿಜ, ಅದಕ್ಕೆ ಬೇರೆಯೇ ಭಾಷಣ ಬೇಕು. ಬಿಸಿ ಕೋಣೆಯಲ್ಲಿ ಸಿಕ್ಕ ಹುಳುವನ್ನು ಮೆತ್ತನೆಯ ಕುಂಚದಿಂದ ರಟ್ಟಿನ ಡಬ್ಬಿಗೆ ಸರಿಸಿ, ಮಳೆ ತಾಗದ ತಣ್ಣನೆಯ ಶೆಡ್ಡಿನಲ್ಲಿಡಿ, ಹೊರಹೋಗಲು ಮುಚ್ಚಳದಲ್ಲಿ ಒಂದು ಸಂದು ಬಿಡಿ. ಒತ್ತಿ ಒರೆಸಲು ಹೋದರೆ ಮಾತ್ರ ಗೋಡೆಯ ಮೇಲೆ ಹಳದಿ ಕಲೆ ಉಳಿಯುತ್ತದೆ, ವಾಸನೆಯೂ ಉಳಿಯುತ್ತದೆ. ನಮಸ್ಕಾರ.