ಏರಿಳಿಯುವ ಹೋಲ್ಡರ್

ಕಲಬುರಗಿ, ಬೀದರ, ಯಾದಗಿರಿ ಸೀಮೆಯ ಕೇಳುಗರೆಲ್ಲರಿಗೂ ನಮಸ್ಕಾರ.

ನಾನು ವೈರಿಂಗ್ ಕೆಲಸ ಮಾಡುವವನು. ಮೂವತ್ತು ವರ್ಷದಿಂದ ಕಲಬುರಗಿಯ ಓಣಿಗಳಲ್ಲಿ ಏಣಿ ಹತ್ತಿ ಇಳಿಯುತ್ತಿದ್ದೇನೆ. ಇವತ್ತು ನಿಮ್ಮ ಮುಂದೆ ಒಂದು ಸಣ್ಣ ಸಾಮಾನಿನ ಮಾತು ತಂದಿದ್ದೇನೆ. ಬಲ್ಬ್ ಹಿಡಿದುಕೊಳ್ಳುತ್ತದಲ್ಲ, ಆ ಹೋಲ್ಡರ್. ಅದನ್ನು ಮೇಲೆ ಕೆಳಗೆ ಸರಿಸಲು, ಬೇಕಾದ ಕಡೆಗೆ ವಾಲಿಸಲು ಬರುವ ಹಾಗೆ ಮಾಡುವುದು ಹೇಗೆ? ಕೇಳಲು ಸಲೀಸು. ನಾನು ಅದಕ್ಕೆ ಕೈ ಹಾಕಿ ನಾಲ್ಕು ವರ್ಷವಾಯಿತು.

ಶುರುವಾದದ್ದು ನಮ್ಮ ಓಣಿಯ ಒಂದು ಮನೆಯಲ್ಲಿ. ಹಳೆಯ ಮನೆ, ಮರದ ತೊಲೆಗಳ ಮೇಲೆ ಶಹಾಬಾದಿನ ಪರಸಿ ಹೊದಿಸಿದ ಮಾಳಿಗೆ. ಬಲ್ಬ್ ಇರುವುದು ತೊಲೆಗೆ, ನೆಲದಿಂದ ಹನ್ನೆರಡು ಅಡಿ ಮೇಲೆ. ಅದರ ಕೆಳಗೆ ಒಬ್ಬ ಅಕ್ಕ ಹೊಲಿಗೆ ಮಷಿನ್ ಇಟ್ಟುಕೊಂಡು ಜಂಪರ್ ಹೊಲಿಯುತ್ತಾರೆ. ಬೆಳಕು ಸಾಲದೆಂದು ಅವರೇ ಉದ್ದನೆಯ ವೈರ್ ಕೂಡಿಸಿ, ಅದನ್ನು ಗೋಡೆಯ ಮೊಳೆಗೆ ಸುತ್ತಿ, ಬಲ್ಬನ್ನು ಮಷಿನ್ ಹತ್ತಿರಕ್ಕೆ ತಂದುಕೊಂಡಿದ್ದರು. ತಗ್ಗಿಸಬೇಕಾದರೆ ಒಂದು ಸುತ್ತು ಬಿಚ್ಚುವುದು, ಏರಿಸಬೇಕಾದರೆ ಒಂದು ಸುತ್ತು ಹಾಕುವುದು. ಒಂದು ಸಂಜೆ ನನ್ನನ್ನು ಕರೆದು, “ಅಣ್ಣಾರ, ಮೊಳೆ ಮುಟ್ಟಿದ್ರ ಕೈ ಝುಮ್ ಅಂತದರಿ” ಅಂದರು. ಮೊಳೆಗೆ ಟೆಸ್ಟರ್ ಇಟ್ಟೆ, ದೀಪ ಹತ್ತಿತು. ಸುತ್ತಿ ಬಿಚ್ಚಿ, ಸುತ್ತಿ ಬಿಚ್ಚಿ, ವೈರಿನ ಪ್ಲಾಸ್ಟಿಕ್ ಸವೆದು ಒಳಗಿನ ತಾಮ್ರ ಮೊಳೆಗೆ ತಾಗುತ್ತಿತ್ತು. 230 ವೋಲ್ಟ್. ಪಕ್ಕದಲ್ಲೇ ಕಬ್ಬಿಣದ ಮಷಿನ್, ಅದರ ಪಕ್ಕ ತೊಟ್ಟಿಲಲ್ಲಿ ಕೂಸು.

ಮೊಳೆ ಕಿತ್ತೆ. ಹೊಸ ವೈರ್ ಹಾಕಿ ಬಲ್ಬನ್ನು ಮತ್ತೆ ತೊಲೆಗೆ ಒಯ್ದೆ. ನಾನು ಏಣಿ ಮಡಚುವಾಗ ಅವರು ಕೇಳಿದರು: “ಕರಿ ಬಟ್ಟಿ ಮ್ಯಾಲ ಕರಿ ದಾರ ಇನ್ನ ಹೆಂಗ ಕಾಣ್ಬೇಕರಿ?” ನನ್ನ ಹತ್ತಿರ ಉತ್ತರ ಇರಲಿಲ್ಲ. ಅಪಾಯ ತೆಗೆದಿದ್ದೆ, ಅದರ ಜೊತೆಗೆ ಅವರ ಬೆಳಕನ್ನೂ ತೆಗೆದಿದ್ದೆ.

ಎಷ್ಟು ಬೆಳಕು ತೆಗೆದಿದ್ದೆ ಎಂದು ಆ ರಾತ್ರಿ ಲೆಕ್ಕ ಹಾಕಿದೆ. 9 ವ್ಯಾಟಿನ ಎಲ್‌ಇಡಿ ಬಲ್ಬಿನಿಂದ ಸುಮಾರು 800 ಲುಮೆನ್ ಬೆಳಕು ಬರುತ್ತದೆ ಅಂತಿಟ್ಟುಕೊಳ್ಳಿ. ಬಲ್ಬ್ ಒಟ್ಟು ಚೆಲ್ಲುವ ಬೆಳಕಿನ ಅಳತೆ ಲುಮೆನ್, ಒಂದು ಜಾಗದ ಮೇಲೆ ಬೀಳುವ ಬೆಳಕಿನ ಅಳತೆ ಲಕ್ಸ್. ಅದು ಎಲ್ಲ ದಿಕ್ಕಿಗೂ ಸಮನಾಗಿ ಹರಡಿದರೆ ಮೂರು ಮೀಟರ್ ಕೆಳಗೆ ಬೀಳುವುದು 7 ಲಕ್ಸ್ ಮಾತ್ರ. ಅದೇ ಬಲ್ಬನ್ನು ಒಂದು ಮೀಟರಿಗೆ ತಂದರೆ 64 ಲಕ್ಸ್. ಅರ್ಧ ಮೀಟರಿಗೆ ತಂದರೆ 250ರ ಮೇಲೆ. ದೂರ ಅರ್ಧವಾದರೆ ಬೆಳಕು ಎರಡು ಪಟ್ಟಲ್ಲ, ನಾಲ್ಕು ಪಟ್ಟಾಗುತ್ತದೆ. ಬಲ್ಬ್ ಅದೇ, ಕರೆಂಟ್ ಬಿಲ್ಲೂ ಅದೇ. ನಾವು ಮಾತ್ರ ಬೆಳಕು ಸಾಲದು ಅಂದಾಗಲೆಲ್ಲ ದೊಡ್ಡ ಬಲ್ಬ್ ತರುತ್ತೇವೆ, ಹೋಲ್ಡರ್ ಇರುವ ಜಾಗವನ್ನು ಮಾತ್ರ ಮುಟ್ಟುವುದಿಲ್ಲ.

ಮುಟ್ಟಲು ಬರುವುದೂ ಇಲ್ಲ ಅನ್ನಿ. ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆಯ ಯಾವ ಎಲೆಕ್ಟ್ರಿಕಲ್ ಅಂಗಡಿಗೆ ಹೋದರೂ ಸಿಗುವುದು ವೈರಿಗೆ ತೂಗುವ ಪೆಂಡೆಂಟ್ ಹೋಲ್ಡರ್, ನೆಟ್ಟಗೆ ಕೂಡುವ ಬ್ಯಾಟನ್ ಹೋಲ್ಡರ್, ಓರೆಯಾಗಿ ಕೂಡುವ ಆಂಗಲ್ ಹೋಲ್ಡರ್. ಒಮ್ಮೆ ಕೂಡಿಸಿದರೆ ಅಲ್ಲಿಗೇ ಮುಗಿಯಿತು. ಕೈಯಿಂದ ಸರಿಸುವ ದೀಪ ಹೊಸದೇನಲ್ಲ. ಜಾರ್ಜ್ ಕಾರ್ವರ್ಡೈನ್ ಎಂಬ ಇಂಗ್ಲಿಷ್ ಎಂಜಿನಿಯರ್, ಮೋಟಾರು ಗಾಡಿಗಳ ಸ್ಪ್ರಿಂಗ್ ಕೆಲಸ ಬಲ್ಲವನು, 1932ರಲ್ಲೇ ಸ್ಪ್ರಿಂಗ್ ಕೂಡಿಸಿದ ತೋಳಿನ ಟೇಬಲ್ ಲ್ಯಾಂಪಿಗೆ ಪೇಟೆಂಟ್ ಪಡೆದಿದ್ದ. ಎತ್ತಿ ಎಲ್ಲಿ ಬಿಟ್ಟರೂ ಅಲ್ಲೇ ನಿಲ್ಲುವ ದೀಪ ಅದು. ಆದರೆ ಟೇಬಲ್ ಲ್ಯಾಂಪಿಗೆ ಟೇಬಲ್ ಬೇಕು. ನಮ್ಮಲ್ಲಿ ಎಷ್ಟೋ ಕೆಲಸ ನಡೆಯುವುದು ನೆಲದ ಮೇಲೆ, ಚಾಪೆಯ ಮೇಲೆ. ಹೊಲಿಗೆ ಮಷಿನಿನ ಹಲಗೆಯ ಮೇಲಂತೂ ಬಟ್ಟೆಗೇ ಜಾಗ ಸಾಲದು. ಹಾಗಾಗಿ ಗೋಡೆಯಿಂದ ಎರಡು ಅಡಿ ಮುಂದೆ ಬರುವ ಒಂದು ಕಬ್ಬಿಣದ ತೋಳು, ಅದರ ತುದಿಗೆ ನೆಟ್ಟಗೆ ಒಂದು ಪೈಪ್, ಆ ಪೈಪಿನೊಳಗೆ ಜಾರುವ ಇನ್ನೊಂದು ಸಣ್ಣ ಪೈಪ್, ಸಣ್ಣ ಪೈಪಿನ ಕೆಳತುದಿಗೆ ಹೋಲ್ಡರ್ ಎಂದು ಕಾಗದದ ಮೇಲೆ ಗೀಚಿಕೊಂಡೆ. ಒಂದೂವರೆ ಅಡಿ ಏರಬೇಕು, ಇಳಿಯಬೇಕು.

ಮೊದಲನೆಯದನ್ನು ಲೇತ್ ಅಂಗಡಿಯಲ್ಲಿ ಮಾಡಿಸಿ ತಂದೆ. ಎರಡು ಪೈಪಿನ ನಡುವೆ ಒಂದು ಸ್ಪ್ರಿಂಗ್ ಪಟ್ಟಿ, ಅದರ ಬಿಗಿಗೇ ಪೈಪ್ ನಿಲ್ಲುತ್ತಿತ್ತು. ಬೆರಳಿನಿಂದ ತಳ್ಳಿದರೆ ಬೆಣ್ಣೆಯಂತೆ ಜಾರುತ್ತಿತ್ತು, ನನಗೆ ಬಹಳ ಖುಷಿಯಾಯಿತು. ಬಲ್ಬ್ ಹಾಕಲು ಹೋದಾಗ ಕೆಟ್ಟಿತು.

ಇಲ್ಲಿ ಸ್ವಲ್ಪ ನಿಂತು ಹೇಳಬೇಕು, ಯಾಕೆಂದರೆ ನನ್ನ ಪೂರಾ ಕೆಲಸ ತಿರುಗಿದ್ದು ಈ ಜಾಗದಲ್ಲಿ. ಬಲ್ಬಿನಲ್ಲಿ ಎರಡು ಮುಖ್ಯ ಜಾತಿ. ಒಂದು ಎಡಿಸನ್ನನ ಹೆಸರಿನ ಮರೆ, ಅಂದರೆ ತಿರುಪಿನ ಸುತ್ತು, ಇರುವ ಬಲ್ಬ್, ಬಾಟಲಿ ಮುಚ್ಚಳದಂತೆ ತಿರುಗಿಸುತ್ತ ಹೋಗುವುದು. ಮನೆಗಳಲ್ಲಿ ಸಾಮಾನ್ಯವಾಗಿ ಕಾಣುವ ಅದರ ಅಳತೆ 27 ಮಿಲಿಮೀಟರ್. ಇನ್ನೊಂದು ನಮ್ಮ ಮನೆಮನೆಯಲ್ಲಿರುವ ಪಿನ್ ಬಲ್ಬ್, 22 ಮಿಲಿಮೀಟರ್ ಕೊರಳು, ಎರಡು ಬದಿಗೆ ಎರಡು ಪಿನ್. ಮರೆಯ ಬಲ್ಬಿಗೆ ಬೇಕಾದದ್ದು ತಿರುಗಿಸುವ ಬಲ ಒಂದೇ. ನಮ್ಮ ಪಿನ್ ಬಲ್ಬನ್ನು ಮೊದಲು ಒತ್ತಬೇಕು, ಆಮೇಲೆ ತಿರುಗಿಸಬೇಕು. ಹೋಲ್ಡರಿನ ಹೊಟ್ಟೆಯಲ್ಲಿ ಎರಡು ಹಿತ್ತಾಳೆ ಮೊಳೆಗಳು ಸ್ಪ್ರಿಂಗಿನ ಮೇಲೆ ಕೂತಿರುತ್ತವೆ, ಅವು ಹಿಂದೆ ಸರಿದರೆ ಮಾತ್ರ ಪಿನ್ ತನ್ನ ಖಾಂಚಿಗೆ ಹೋಗಿ ಕೂಡುತ್ತದೆ. ಈಗ ಯೋಚಿಸಿ: ಹೋಲ್ಡರೇ ಬೆಣ್ಣೆಯಂತೆ ಜಾರುವುದಾದರೆ ನಾನು ಬಲ್ಬ್ ಒತ್ತಿದಾಗ ಏನಾಗಬೇಕು? ಹೋಲ್ಡರ್ ಬಲ್ಬನ್ನು ಹೊತ್ತುಕೊಂಡು ಮೇಲಕ್ಕೆ ಓಡಿತು. ಪೈಪನ್ನು ಒಂದು ಕೈಯಲ್ಲಿ ಹಿಡಿದು ಒತ್ತಿದರೆ, ತಿರುಗಿಸುವಾಗ ಪೈಪೂ ಜೊತೆಗೆ ತಿರುಗಿತು. ಒಳಗೆ ವೈರ್ ಹಗ್ಗದಂತೆ ಹೊಸೆದುಕೊಂಡಿತು.

ಏರಿಳಿಯುವ ಹೋಲ್ಡರಿಗೆ ಸರಿಯುವುದಕ್ಕಿಂತ ಸರಿಯದೆ ನಿಲ್ಲುವುದೇ ಕಷ್ಟದ ಕೆಲಸ ಅಂತ ಅವತ್ತು ತಿಳಿಯಿತು. ಸ್ಪ್ರಿಂಗ್ ಪಟ್ಟಿ ತೆಗೆದು ಪಕ್ಕದಿಂದ ಚುಚ್ಚುವ ಒಂದು ಸ್ಕ್ರೂ ಹಾಕಿದೆ. ಅದು ಒಳಪೈಪಿಗೆ ಗುಳಿ ಕೊರೆಯಿತು. ಮುಂದಿನ ಸಲ ಒಂದು ನೂಲು ಆಚೀಚೆ ನಿಲ್ಲಿಸಬೇಕೆಂದರೂ ಸ್ಕ್ರೂ ಜಾರಿ ಅದೇ ಹಳೆಯ ಗುಳಿಗೇ ಹೋಗಿ ಬೀಳುತ್ತಿತ್ತು. ಒಂದು ದಿನ ಸೈಕಲ್ ಅಂಗಡಿಯಲ್ಲಿ ಕೂತಿದ್ದಾಗ ಸೀಟಿನ ಕೆಳಗಿನ ಕ್ಲ್ಯಾಂಪ್ ಕಣ್ಣಿಗೆ ಬಿತ್ತು. ಎಪ್ಪತ್ತು ಎಂಬತ್ತು ಕಿಲೋ ಮನುಷ್ಯ ಕೂತು ಕುಲುಕಿದರೂ ಸೀಟು ಇಳಿಯುವುದಿಲ್ಲ, ಪೈಪಿಗೆ ಗುಳಿಯೂ ಬೀಳುವುದಿಲ್ಲ. ಯಾಕೆಂದರೆ ಅದು ಒಂದು ಬಿಂದುವಿನಲ್ಲಿ ಚುಚ್ಚುವುದಿಲ್ಲ, ಸುತ್ತಲಿಂದ ತಬ್ಬಿ ಹಿಡಿಯುತ್ತದೆ. ಸೀಳಿದ ಬಳೆಯಂಥ ಆ ಕಾಲರನ್ನೇ ಸಣ್ಣದಾಗಿ ಮಾಡಿಸಿ, ಬೆರಳಿನಿಂದಲೇ ತಿರುಗಿಸಲು ಬರುವ ವಿಂಗ್ ನಟ್ ಹಾಕಿದೆ. ಇನ್ನು ಒಳಪೈಪ್ ತಿರುಗಬಾರದಲ್ಲ, ಅದಕ್ಕೆ ಉದ್ದಕ್ಕೂ ಒಂದು ಗೀರು ಕೊರೆಸಿ, ಹೊರಪೈಪಿನಿಂದ ಒಂದು ಮೊಂಡು ಪಿನ್ ಆ ಗೀರಿನಲ್ಲಿ ಓಡುವಂತೆ ಮಾಡಿದೆ. ಗೀರು ಮುಗಿಯುವ ಕಡೆ ಪೈಪ್ ತಾನೇ ನಿಲ್ಲುತ್ತದೆ, ಕಳಚಿ ಯಾರ ತಲೆಯ ಮೇಲೂ ಬೀಳುವುದಿಲ್ಲ.

ವೈರಿನ ವಿಷಯಕ್ಕೆ ಬರುತ್ತೇನೆ. ಮೊಳೆಗೆ ಸುತ್ತಿದ ಆ ವೈರ್ ನನ್ನ ತಲೆಯಿಂದ ಹೋಗಿರಲಿಲ್ಲ. ಹೋಲ್ಡರ್ ಒಂದೂವರೆ ಅಡಿ ಓಡಾಡುತ್ತದೆ ಎಂದರೆ ಒಂದೂವರೆ ಅಡಿ ಹೆಚ್ಚುವರಿ ವೈರ್ ಎಲ್ಲೋ ಒಂದು ಕಡೆ ಇರಬೇಕು. ಮೊದಲು ಅದನ್ನು ಪೈಪಿನ ಒಳಗೇ ಬಿಟ್ಟಿದ್ದೆ. ಒಂದು ತಿಂಗಳ ನಂತರ ಬಿಚ್ಚಿ ನೋಡಿದರೆ, ಒಳಪೈಪಿನ ಮೇಲಂಚು ವೈರನ್ನು ಕಚ್ಚಿ ಕಚ್ಚಿ ಅರ್ಧ ಕತ್ತರಿಸಿತ್ತು. ಆ ಅಕ್ಕನ ಮೊಳೆಯನ್ನೇ ನಾನು ಪೈಪಿನೊಳಗೆ ಬಚ್ಚಿಟ್ಟಿದ್ದೆ! ಅವತ್ತೇ ಆ ಮನೆಯಿಂದ ಅದನ್ನು ಕಳಚಿ ತಂದೆ. ಈಗ ವೈರ್ ಹೊರಗಿದೆ, ಹಳೆಯ ಟೆಲಿಫೋನ್ ರಿಸೀವರಿನ ವೈರಿನಂತೆ ಸುರುಳಿಯಾಗಿ ಪೈಪನ್ನು ಬಳಸಿ ಇಳಿಯುತ್ತದೆ. ಎಳೆದರೆ ಹಿಗ್ಗುತ್ತದೆ, ಬಿಟ್ಟರೆ ಕೂಡಿಕೊಳ್ಳುತ್ತದೆ. ಸವೆದರೆ ಕಣ್ಣಿಗೂ ಕಾಣುತ್ತದೆ. ಪೈಪಿನೊಳಗೆ ಹೋಗುವ ಕಡೆ ಅಂಚನ್ನು ಅರದಿಂದ ಉಜ್ಜಿ ನುಣುಪು ಮಾಡಿ ಒಂದು ರಬ್ಬರ್ ಬುಷ್ ಕೂಡಿಸಿದ್ದೇನೆ.

ಎಂಥ ವೈರ್ ಎನ್ನುವುದೂ ಮುಖ್ಯ. 9 ವ್ಯಾಟಿನ ಬಲ್ಬ್ ಎಳೆಯುವ ಕರೆಂಟ್ ಒಂದು ಆಂಪಿಯರಿನ ಹತ್ತನೇ ಭಾಗಕ್ಕಿಂತ ಕಡಿಮೆ, ಅದಕ್ಕೆ ಕೂದಲೆಳೆಯಂಥ ವೈರ್ ಸಾಕು. ಆದರೆ ಇಲ್ಲಿ ವೈರಿಗೆ ಕರೆಂಟಿನದಲ್ಲ ಭಾರ, ದಿನಕ್ಕೆ ಹತ್ತು ಸಲ ಮಣಿಯುವುದು. ಒಂದೇ ಗಟ್ಟಿ ತಂತಿ ಇರುವ ವೈರ್ ಮಣಿಸಿ ಮಣಿಸಿ ಒಳಗೇ ಮುರಿಯುತ್ತದೆ, ಹೊರಗೆ ಗೊತ್ತಾಗುವುದಿಲ್ಲ. ನಾನು ಹಾಕುವುದು 0.75 ಚದರ ಮಿಲಿಮೀಟರಿನ ಫ್ಲೆಕ್ಸಿಬಲ್ ವೈರ್, ಸಣ್ಣ ಸಣ್ಣ 24 ಎಳೆಗಳದ್ದು. ಅದನ್ನು ಹೋಲ್ಡರಿನ ಒಳಗೆ ಸ್ಕ್ರೂಗೆ ಕಟ್ಟುವ ಮೊದಲು ಒಂದು ಗ್ರಿಪ್ಪಿನಲ್ಲಿ ಬಿಗಿಯುತ್ತೇನೆ. ಎಳೆತವೆಲ್ಲ ಗ್ರಿಪ್ಪಿಗೆ ಬರಬೇಕು, ಸ್ಕ್ರೂಗೆ ಬರಬಾರದು. ಹೋಲ್ಡರಿನಲ್ಲಿ ವೈರ್ ಕಿತ್ತು ಕಿಡಿ ಹಾರುವ ಎಷ್ಟೋ ಮನೆಗಳಲ್ಲಿ ನಾನು ಕಂಡದ್ದು ಇದೊಂದೇ ತಪ್ಪು.

ಇನ್ನು ಅರ್ತಿಂಗ್. ಕಬ್ಬಿಣದ ತೋಳಿಗೆ ಅರ್ತ್ ಕೊಟ್ಟರೆ ಪೈಪಿಗೂ ತಾನೇ ಸಿಗುತ್ತದೆ ಅಂತ ತಿಳಿಯಬೇಡಿ. ನಡುವೆ ಬಣ್ಣ ಇರುತ್ತದೆ, ಧೂಳು ಇರುತ್ತದೆ, ಗ್ರೀಸ್ ಇರುತ್ತದೆ. ಜಾರುವ ಪೈಪಿಗೆ ಬೇರೆಯೇ ಹಸಿರು ವೈರ್ ಒಯ್ದಿದ್ದೇನೆ. ಸ್ವಿಚ್ ಫೇಸ್ ಮೇಲೇ, ಅಂದರೆ ಕರೆಂಟ್ ತರುವ ವೈರಿನ ಮೇಲೇ, ಇರಬೇಕು. ಮರೆಯ ಹೋಲ್ಡರ್ ಹಾಕಿದರೆ ಫೇಸ್ ನಡುವಿನ ತುದಿಗೆ, ನ್ಯೂಟ್ರಲ್ ಸುತ್ತಲಿನ ಮರೆಗೆ. ಅದಲು ಬದಲಾದರೆ ಬಲ್ಬ್ ಬಿಚ್ಚುವವರ ಬೆರಳಿಗೆ ಫೇಸ್ ಸಿಗುತ್ತದೆ.

ಈ ಮಟ್ಟಕ್ಕೆ ಬಂದದ್ದನ್ನು ಬೀದರಿಗೆ ಒಯ್ದೆ. ಚೌಬಾರದ ಹತ್ತಿರ ಬಿದರಿ ಕೆಲಸ ಮಾಡುವ ಒಬ್ಬ ಹಿರಿಯರ ಪರಿಚಯ ಇತ್ತು. ಸತುವಿಗೆ ಸ್ವಲ್ಪ ತಾಮ್ರ ಕೂಡಿಸಿ ಎರಕ ಹೊಯ್ದ ಹೂಜಿ, ಅದನ್ನು ಉಜ್ಜಿ ನುಣುಪು ಮಾಡಿ, ಮೈಲುತುತ್ತದ ನೀರು ಸವರಿ ಕಪ್ಪು ಮಾಡಿಕೊಂಡು, ಉಳಿಯಿಂದ ಬಳ್ಳಿ ಕೊರೆಯುತ್ತಿದ್ದರು. ಆ ಗೀರಿಗೆ ಆಮೇಲೆ ಬೆಳ್ಳಿ ತಂತಿ ಬಡಿದು ಕೂಡಿಸಬೇಕು. ಗೀರು ಕೂದಲಿನಷ್ಟು. ನಾನು ದೀಪ ಕೂಡಿಸಿ, ಸರಿಯಾಗಿ ಅವರ ಕೈಯ ಮೇಲೆ ಅರ್ಧ ಮೀಟರಿಗೆ ತಂದು ನಿಲ್ಲಿಸಿದೆ. ನನ್ನ ಲೆಕ್ಕದ 250 ಲಕ್ಸ್! ಅವರು ಎರಡು ನಿಮಿಷ ಕೊರೆದು, ಉಳಿ ಕೆಳಗಿಟ್ಟರು. “ಬೆಳಕು ಮ್ಯಾಲಿಂದ ಬಿದ್ರ ಗೀರು ಸತ್ತು ಹೋತದ. ಬಗಲಿಂದ ಬರಬೇಕು” ಅಂದರು. ಎದ್ದು ದೀಪವನ್ನು ನೆಲದಿಂದ ಒಂದು ಅಡಿಗೆ ಇಳಿಸಲು ನೋಡಿದರು. ನನ್ನ ಪೈಪ್ ಅಷ್ಟು ಇಳಿಯಲಿಲ್ಲ.

ನಾನು ಹೂಜಿಯನ್ನು ಕೈಗೆ ತೆಗೆದುಕೊಂಡು ಬಾಗಿಲ ಬೆಳಕಿಗೆ ಓರೆ ಮಾಡಿ ಹಿಡಿದೆ. ಅವರ ಮಾತು ನಿಜ. ನೆತ್ತಿಯ ಬೆಳಕು ಗೀರಿನ ತಳಕ್ಕೂ ಅಂಚಿಗೂ ಒಂದೇ ಸಮ ಬೀಳುತ್ತದೆ. ಬಗಲಿನ ಬೆಳಕಿಗೆ ಗೀರಿನ ಒಂದು ದಡ ಹೊಳೆಯುತ್ತದೆ, ಇನ್ನೊಂದು ದಡ ನೆರಳಾಗುತ್ತದೆ, ಆಗ ಆಳ ಕಾಣುತ್ತದೆ. ಲಕ್ಸ್ ಲೆಕ್ಕದಲ್ಲಿ ಇದು ಇರಲಿಲ್ಲ. ಎಷ್ಟು ಬೆಳಕು ಅನ್ನುವುದಷ್ಟೇ ನನ್ನ ತಲೆಯಲ್ಲಿತ್ತು, ಯಾವ ಕಡೆಯಿಂದ ಅನ್ನುವುದು ಇರಲಿಲ್ಲ. ವಾಪಸು ಬಂದು ಹೋಲ್ಡರಿನ ಕೊರಳಿಗೆ ಒಂದು ಕೀಲು ಕೂಡಿಸಿದೆ. ಹಲ್ಲುಹಲ್ಲಿನ ಎರಡು ಬಿಲ್ಲೆ, ನಡುವೆ ಬೋಲ್ಟ್. ಸಡಿಲ ಮಾಡಿ ವಾಲಿಸಿ ಬಿಗಿದರೆ ಹಲ್ಲಿಗೆ ಹಲ್ಲು ಕೂಡುತ್ತದೆ. ಬೀದರಿನವರಿಗೆ ಕೊಟ್ಟದ್ದರಲ್ಲಿ ತೋಳನ್ನೇ ಗೋಡೆಯ ತಳಕ್ಕೆ ತಂದೆ. ಅವರು ದಿನವಿಡೀ ಸುತ್ತಿಗೆ ಬಡಿಯುವ ಅದುರಿಗೆ ವಿಂಗ್ ನಟ್ ತಾನೇ ಬಿಚ್ಚಿಕೊಳ್ಳುತ್ತಿತ್ತು. ಒಂದು ಸ್ಪ್ರಿಂಗ್ ವಾಷರ್ ಹಾಕಿದ ಮೇಲೆ ನಿಂತಿತು.

ಬಲ್ಬ್ ಬದಲಾದಾಗ ಹೋಲ್ಡರಿನ ಜಾಗ ಬದಲಾಗಬೇಕು ಎನ್ನುವುದನ್ನೂ ಈ ಕೆಲಸದಲ್ಲೇ ಕಲಿತೆ. ಹಳೆಯ ತಂತಿ ಬಲ್ಬು ಬೆಳಕನ್ನು ಸುತ್ತಲೂ ಚೆಲ್ಲುತ್ತಿತ್ತು, ಆ ಕಾಲದ ತಗಡಿನ ಶೇಡುಗಳ ಗುಳಿ ಆ ಲೆಕ್ಕಕ್ಕೆ ಮಾಡಿದ್ದು. ಎಲ್‌ಇಡಿ ಬಲ್ಬಿನ ಹಿಂಭಾಗದಲ್ಲಿ ಬೆಳಕೇ ಇಲ್ಲ, ಮುಂದಿನ ಬಿಳಿ ಗುಮ್ಮಟದಿಂದ ಮಾತ್ರ ಬರುತ್ತದೆ. ಅದೇ ಶೇಡಿಗೆ ಹಾಕಿದರೆ ಗುಮ್ಮಟ ಹೊರಗೆ ಇಣುಕಿ ಕಣ್ಣಿಗೆ ಹೊಡೆಯುತ್ತದೆ. ಹೋಲ್ಡರನ್ನು ಶೇಡಿನೊಳಗೆ ಒಂದೆರಡು ಸೆಂಟಿಮೀಟರ್ ಮೇಲೆ ಎಳೆದರೆ ಸರಿಹೋಗುತ್ತದೆ. ತೀರಾ ಮೇಲೆ ಎಳೆದು ಗಾಳಿ ಆಡದಂತೆ ಮಾಡಬಾರದು. ಎಲ್‌ಇಡಿಯ ಬಿಸಿ ಅದರ ಕೊರಳಲ್ಲಿ ಇರುತ್ತದೆ. ಒಳಗಿನ ಕೆಪಾಸಿಟರ್ ಎಂಬ ಬಿಡಿಭಾಗದ ಮೇಲೆ 10 ಡಿಗ್ರಿ ಶಾಖ ಏರಿದರೆ ಅದರ ಆಯುಷ್ಯ ಹೆಚ್ಚುಕಡಿಮೆ ಅರ್ಧವಾಗುತ್ತದೆ. ನಮ್ಮ ಮೇ ತಿಂಗಳ ಬಿಸಿಲು ನಿಮಗೆ ಗೊತ್ತಿದ್ದದ್ದೇ. ಇದಕ್ಕಾಗಿಯೇ ಹೋಲ್ಡರಿಗೆ ನಾನು ಅಗ್ಗದ ಪ್ಲಾಸ್ಟಿಕ್ ಹಾಕುವುದಿಲ್ಲ. 1907ರಲ್ಲಿ ರಸಾಯನಶಾಸ್ತ್ರಜ್ಞ ಬೇಕ್‌ಲ್ಯಾಂಡ್ ಕಂಡುಹಿಡಿದ ಆ ಹಳೆಯ ಬೇಕಲೈಟೇ ಸರಿ. ಒಮ್ಮೆ ಗಟ್ಟಿಯಾದ ಮೇಲೆ ಮತ್ತೆ ಬಿಸಿಗೆ ಕರಗದು.

ಆ ಅಕ್ಕನ ಮನೆಯಲ್ಲಿ ಈಗಿರುವುದು ನಾನು ಮಾಡಿದ ಆರನೆಯದು. ಹೋದ ವಾರ ನೋಡಲು ಹೋಗಿದ್ದೆ. ಒಳಪೈಪಿನ ಮೇಲೆ ಎರಡು ಕಡೆ ದಾರ ಕಟ್ಟಿತ್ತು, ಒಂದು ಕೆಂಪು, ಒಂದು ನೀಲಿ. ಏನಿದು ಅಂತ ಕೇಳಿದೆ. “ಕೆಂಪು ನಂದರಿ, ಹೊಲಿಯಾಕ. ನೀಲಿ ಮಗಳದು, ಆಕಿ ಬರಿಯಾಕ ಕುಂತ್ರ ಅಷ್ಟಕ್ಕ ಏರಿಸ್ತೀವಿ” ಅಂದರು. ಏಳನೆಯ ಪೈಪ್ ಲೇತಿನ ಮೇಲಿದೆ. ಅದಕ್ಕೆ ಅಂಗುಲಕ್ಕೊಂದು ಗುರುತು ಕೊರೆಯಲು ಹೇಳಿ ಬಂದಿದ್ದೇನೆ.

ನಮಸ್ಕಾರ.