ಪಟ್ಟಿ ಗಟ್ಟಿಯಾಗಿ ಓದಿಸಿ

ಡೇರಿಗೆ ಹಾಲು ಹಾಕಿ ಬಂದು ರೇಡಿಯೊ ತಿರುಗಿಸಿದ ಎಲ್ಲರಿಗೂ ನಮಸ್ಕಾರ. ಸರ್ಕಾರಿ ಸೌಲಭ್ಯದಲ್ಲಿ ನಡೆಯುವ ಮೋಸ ತಡೆಯುವುದು ಹೇಗೆ ಎಂದು ಮಾತನಾಡಲು ಹಾಸನ ಆಕಾಶವಾಣಿಯವರು ನನಗೆ ಐದು ನಿಮಿಷ ಕೊಟ್ಟಿದ್ದಾರೆ. ಉತ್ತರಕ್ಕೆ ಅರ್ಧ ನಿಮಿಷ ಸಾಕು. ಯಾರಿಗೆ ಏನು ಕೊಟ್ಟೆವು ಎಂಬ ಪಟ್ಟಿಯನ್ನು ಊರವರ ಮುಂದೆ ಗಟ್ಟಿಯಾಗಿ ಓದಿಸಿ. ಅಷ್ಟೇ.

ನಂಬಿಕೆ ಬರುವುದಿಲ್ಲ ಅಲ್ಲವೇ? ಹಾಗಾದರೆ ಎಮ್ಮೆಯ ಕಥೆ ಕೇಳಿ.

ಉದ್ಯೋಗ ಖಾತರಿ ಕೆಲಸಗಳ ಸಾಮಾಜಿಕ ಪರಿಶೋಧನೆಗೆ ನಾನು ಓಡಾಡುತ್ತಿದ್ದ ಕಾಲ. ಲೆಕ್ಕವನ್ನು ಗ್ರಾಮಸಭೆಯೇ ತಪಾಸಣೆ ಮಾಡಬೇಕು ಎಂದು 2005ರ ಆ ಕಾನೂನಿನ 17ನೇ ಕಲಂ ಹೇಳುತ್ತಿತ್ತು. ನಮ್ಮ ಜಿಲ್ಲೆಯದೇ ಒಂದು ಪಂಚಾಯಿತಿ, ಹೆಸರು ಬೇಡ. ಒಂದು ಕೃಷಿ ಹೊಂಡದ ಕಡತ ಎರಡು ದಿನ ನಮ್ಮ ಕೈಯಲ್ಲೇ ಇತ್ತು. ಫೋಟೊ ಇದೆ, ಅಳತೆ ಪುಸ್ತಕ ಇದೆ, ಎನ್‌ಎಂಆರ್‌ನಲ್ಲಿ, ಅಂದರೆ ಕೂಲಿಯವರ ಹಾಜರಿ ಪಟ್ಟಿಯಲ್ಲಿ, ಸಹಿಗಳಿವೆ. ಒಂದು ತಪ್ಪೂ ಸಿಗಲಿಲ್ಲ. ಅಷ್ಟು ಚೆಂದದ ಕಡತ ನಾನು ನೋಡಿದ್ದೇ ಕಡಿಮೆ.

ಗ್ರಾಮಸಭೆ ದಿನ ಮೈಕ್ ಕೈಕೊಟ್ಟಿತು. ಅರಳಿಕಟ್ಟೆ ಮೇಲೆ ನಿಂತು ಕೂಗಿ ಓದಿದೆ. ಅರ್ಧ ಗಂಟೆ ಯಾರೂ ಕಿವಿಗೊಡಲಿಲ್ಲ, ಎಲ್ಲರಿಗೂ ಮನೆ ಬಿಲ್ಲಿನದೇ ಚಿಂತೆ. ಈ ಹೊಂಡದ ಹೆಸರು ಬಂದಾಗ ಹಿಂದಿನಿಂದ ಒಬ್ಬ ಅಜ್ಜಿ, "ತಡೀರಿ ಮೇಷ್ಟ್ರೇ, ಇದನ್ನ ತೋಡಿದ್ದು ಯಾವಾಗ ಅಂದ್ರಿ?" ಎಂದರು.

"ಹೋದ ಯುಗಾದಿ ಆದ್ಮೇಲೆ, ಅಜ್ಜಿ."

"ಹಂಗಾದ್ರೆ ಅದಕ್ಕೂ ಹಿಂದಿನ ಮಳೆಗಾಲದಲ್ಲಿ ನಮ್ಮೆಮ್ಮೆ ಬಿದ್ದಿದ್ದು ಯಾವ ಹೊಂಡಕ್ಕೆ?"

ಸಭೆ ಗೊಳ್ಳೆಂದಿತು. ಆದರೆ ಅಂದು ಹಗ್ಗ ಕಟ್ಟಿ ಎಮ್ಮೆ ಎತ್ತಿದ್ದ ಗಂಡಸರಲ್ಲಿ ನಾಲ್ವರು ಅಲ್ಲೇ ಕೂತಿದ್ದರು. ಒಬ್ಬರು ಎದ್ದು, ಭುಜ ಇವತ್ತಿಗೂ ನೋಯುತ್ತದೆ ಎಂದು ತೋರಿಸಿದರು. ಎಲ್ಲರೂ ಹೊಲಕ್ಕೆ ನಡೆದೆವು. "ಹೊಸ" ಹೊಂಡದ ದಡದಲ್ಲಿ ಲಂಟಾನ ಸೊಂಟದೆತ್ತರ ಬೆಳೆದಿತ್ತು. ಫಲಕದ ಬಣ್ಣ ಮಾತ್ರ ಹೊಸದು. ಎನ್‌ಎಂಆರ್‌ನಲ್ಲಿ ಮಣ್ಣು ಹೊತ್ತಿದ್ದ ಹುಡುಗ ಆ ತಿಂಗಳು ಬೆಂಗಳೂರಿನಲ್ಲಿ ಆಟೊ ಓಡಿಸುತ್ತಿದ್ದನಂತೆ. ಅದನ್ನು ಹೇಳಿದ್ದು ಅವನ ತಾಯಿಯೇ! ವಸೂಲಾತಿಗೆ ಬರೆದೆವು. ಎಷ್ಟು ವಸೂಲಾಯಿತು ಎಂದು ಕೇಳಬೇಡಿ, ಅದು ಬೇರೆಯದೇ ಭಾಷಣ.

ಎರಡು ದಿನ ಕಡತ ನೋಡಿದ ನಮಗೆ ಕಾಣದ್ದು ಒಂದು ಸಲ ಕೇಳಿಸಿಕೊಂಡ ಅಜ್ಜಿಗೆ ಕಂಡಿತು. ಅದಕ್ಕೇ ಹೇಳುತ್ತಿರುವುದು, ಗಟ್ಟಿಯಾಗಿ ಓದಿಸಿ. ಪಿಂಚಣಿ, ರೇಷನ್, ಮನೆ, ಯಾವ ಪಟ್ಟಿಯಾದರೂ ಸರಿ.

ನೋಡಿ, ಐದು ನಿಮಿಷದಲ್ಲಿ ಎಮ್ಮೆಯೇ ಮೂರು ನಿಮಿಷ ತಿಂದಿತು. ಕಾನೂನು ಮಾಡುವ ಜಾಗದ ಬಗ್ಗೆಯೂ ಹೇಳಬೇಕಿತ್ತು. ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಕೆಲವು ಶಾಸಕರು ಕಂಪನಿಗಳ ಯೋಜನೆಗಳ ವಿಚಾರದಲ್ಲಿ ಬಾಯಿ ಬಿಡುವುದಿಲ್ಲ ಎಂಬ ಒಪ್ಪಂದಕ್ಕೆ ಸಹಿ ಹಾಕಿದ್ದರು. ಅಂಥ ಒಪ್ಪಂದಗಳನ್ನೇ ನಿಷೇಧಿಸುವ ಮಸೂದೆ 2025ರಲ್ಲಿ ಅಲ್ಲಿ ಚರ್ಚೆಗೆ ಬಂತು. ನಮ್ಮಲ್ಲೂ ಕೇಂದ್ರದ ಮಸೂದೆಗಳ ಕರಡನ್ನು ಕನಿಷ್ಠ 30 ದಿನ ಜನರ ಮುಂದಿಡಬೇಕು ಎಂದು 2014ರಲ್ಲೇ ನೀತಿ ಮಾಡಿದ್ದಾರೆ. ಕಾನೂನೂ ಒಂದು ಪಟ್ಟಿಯೇ ತಾನೆ, ಯಾರಿಗೆ ಎಷ್ಟು ಎಂಬ ಪಟ್ಟಿ? ಬರೆಯುವಾಗಲೇ ಬಾಗಿಲು ಹಾಕಿಕೊಂಡರೆ ಆಮೇಲೆ ಅಜ್ಜಿ ಎಲ್ಲಿ ಎದ್ದು ನಿಲ್ಲಬೇಕು?

ಪಂಚಾಯಿತಿಯವರು ಪಟ್ಟಿ ಓದುವುದಿಲ್ಲ ಎಂದರೆ ಏನು ಮಾಡುವುದು ಎಂದು ಪ್ರತಿ ಊರಲ್ಲೂ ಕೇಳುತ್ತಾರೆ. ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ. ಒಂದೇ ವಿಷಯ, 150 ಪದದೊಳಗೆ. ಶುಲ್ಕ 10 ರೂಪಾಯಿ. ಬಿಪಿಎಲ್ ಕಾರ್ಡಿದ್ದರೆ ಅದೂ ಇಲ್ಲ, ಕಾರ್ಡಿನ ಜೆರಾಕ್ಸ್ ಲಗತ್ತಿಸಿ. 30 ದಿನದೊಳಗೆ ಉತ್ತರ ಕೊಡಬೇಕು. ಅರ್ಜಿ ಕೊಟ್ಟು ಬರಿಗೈಯಲ್ಲಿ ಬರಬೇಡಿ, ಇನ್ನೊಂದು ಪ್ರತಿಗೆ ಸೀಲು, ತಾರೀಖು ಹಾಕಿಸಿಕೊಂಡೇ ಬನ್ನಿ. ನಮಸ್ಕಾರ.