ಮೌನದ ಲೆಕ್ಕ: ಕ್ಲೇರ್ ಕೀಗನ್ ಅವರ ಎರಡು ಕಿರುಕಾದಂಬರಿಗಳು

ಎಲ್ಲರಿಗೂ ನಮಸ್ಕಾರ.

ಕ್ಲೇರ್ ಕೀಗನ್ ಹುಟ್ಟಿದ್ದು 1968ರಲ್ಲಿ, ಐರ್ಲೆಂಡಿನ ವಿಕ್ಲೋ ಕೌಂಟಿಯ ರೈತ ಕುಟುಂಬದಲ್ಲಿ. ಹದಿನೇಳಕ್ಕೆ ಓದಲೆಂದು ಅಮೆರಿಕದ ನ್ಯೂ ಆರ್ಲಿಯನ್ಸ್‌ಗೆ ಹೋದವರು 1992ರಲ್ಲಿ ಮರಳಿದರು. ಮೊದಲ ಕಥಾಸಂಕಲನ 1999ರದು. ಬರೆದದ್ದು ಕಡಿಮೆ. 2022ರ ಬುಕರ್ ಅಂತಿಮ ಪಟ್ಟಿಯಲ್ಲಿದ್ದ 'ಸ್ಮಾಲ್ ಥಿಂಗ್ಸ್ ಲೈಕ್ ದೀಸ್' ಬರೀ 116 ಪುಟ.

ಈ ಕಾದಂಬರಿಯನ್ನು, ಮದುವೆಯಿಲ್ಲದೆ ಬಸಿರಾದಂಥ ಹುಡುಗಿಯರನ್ನು ಕೂಡಿಹಾಕಿ ಬಟ್ಟೆ ಒಗೆಸುತ್ತಿದ್ದ ಕ್ರೈಸ್ತ ಸನ್ಯಾಸಿನಿಯರ ಮಠದ ವಿರುದ್ಧದ ಆರೋಪಪಟ್ಟಿಯಂತೆ ಓದುವವರಿದ್ದಾರೆ. ಹಾಗೆ ಓದಿದರೆ ಅರ್ಧ ಪುಸ್ತಕ ಕೈತಪ್ಪುತ್ತದೆ. ಮಠಕ್ಕೆ ಸಿಕ್ಕಿರುವುದು ಕೆಲವೇ ಪುಟ. ಉಳಿದದ್ದೆಲ್ಲ ಕಲ್ಲಿದ್ದಲು, ಆಳುಗಳ ಸಂಬಳ, ಬಾಕಿ ಬಿಲ್ಲು, ಕ್ರಿಸ್‌ಮಸ್ ಕೇಕು. 1985ರ ಚಳಿಗಾಲ, ನ್ಯೂ ರಾಸ್ ಪಟ್ಟಣ. ಬಿಲ್ ಫರ್ಲಾಂಗ್ ಕಲ್ಲಿದ್ದಲು, ಸೌದೆಯ ವ್ಯಾಪಾರಿ. ಐವರು ಹೆಣ್ಣುಮಕ್ಕಳ ತಂದೆ. ಊರಿನಲ್ಲಿ ಹೆಣ್ಣುಮಕ್ಕಳಿಗಿರುವ ಒಳ್ಳೆಯ ಶಾಲೆ ಒಂದೇ, ಅದೂ ಸನ್ಯಾಸಿನಿಯರ ಹಿಡಿತದಲ್ಲಿ. ಮಠವೂ ಅವನ ಗಿರಾಕಿಯೇ. ಊರು ಯಾಕೆ ಬಾಯಿ ಬಿಡುವುದಿಲ್ಲ ಎಂಬುದಕ್ಕೆ ಕೀಗನ್ ಭಾಷಣ ಬರೆಯುವುದಿಲ್ಲ, ಈ ಲೆಕ್ಕವನ್ನು ಮುಂದಿಡುತ್ತಾರೆ.

ಒಂದು ಬೆಳಿಗ್ಗೆ ಫರ್ಲಾಂಗ್ ಮಠದ ಕಲ್ಲಿದ್ದಲ ಕೋಣೆಯ ಅಗುಳಿ ತೆಗೆದರೆ ಒಳಗೆ ರಾತ್ರಿಯಿಡೀ ಕೂಡಿಹಾಕಿದ್ದ ಹುಡುಗಿ. ಅವಳು ಕೇಳುವುದು ತನ್ನ ಹಸುಗೂಸಿನ ಸುದ್ದಿ. ಆಮೇಲಿನ ಚಹಾದ ದೃಶ್ಯವನ್ನು ನಿಧಾನವಾಗಿ ಓದಬೇಕು. ಮಠದ ಮುಖ್ಯಸ್ಥೆ ಗದರುವುದಿಲ್ಲ. ಬೆಂಕಿಯ ಬಳಿ ಕೂರಿಸಿ, ಚಹಾ ಬಗ್ಗಿಸಿ, ಅವನ ಮಕ್ಕಳ ಓದಿನ ಬಗ್ಗೆ ವಿಚಾರಿಸುತ್ತಾಳೆ. ಶಾಲೆಯಲ್ಲಿ ಜಾಗ ಸಿಗುವುದು ಕಷ್ಟ ಎಂಬ ಮಾತು ನಡುವೆ ಹೀಗೇ ಬಂದು ಹೋಗುತ್ತದೆ. ಕೊನೆಗೆ ಅವನ ಹೆಂಡತಿಗೆಂದು ಒಂದು ಲಕೋಟೆ, ಒಳಗೆ ಐವತ್ತು ಪೌಂಡು. ಬೆದರಿಕೆಯನ್ನು ಇಷ್ಟು ಮರ್ಯಾದೆಯಿಂದ ಬರೆದವರು ಅಪರೂಪ.

ಹುಡುಗಿಯ ನಿಜವಾದ ಹೆಸರು ಸಾರಾ. ಫರ್ಲಾಂಗನ ತಾಯಿಯ ಹೆಸರೂ ಅದೇ. ಹದಿನಾರಕ್ಕೆ, ಮದುವೆಯಿಲ್ಲದೆ ಬಸಿರಾದ ಆಕೆಯನ್ನು ಮನೆಯೊಡತಿ, ಪ್ರಾಟೆಸ್ಟೆಂಟ್ ವಿಧವೆ, ಕೆಲಸದಿಂದ ಬಿಡಿಸದೆ ಇಟ್ಟುಕೊಂಡಿದ್ದಳು. ಇಲ್ಲದಿದ್ದರೆ ಆಕೆಯ ಪಾಡೂ ಇದೇ ಆಗುತ್ತಿತ್ತೇನೋ. ಇಂಥ ಬಟ್ಟೆ ಒಗೆಯುವ ಮಠಗಳಲ್ಲಿ ಕೊನೆಯದು ಮುಚ್ಚಿದ್ದು 1996ರಲ್ಲಿ. ಐರಿಷ್ ಸರ್ಕಾರ ಕ್ಷಮೆ ಕೇಳಿದ್ದು 2013ರಲ್ಲಿ.

'ಫಾಸ್ಟರ್' (2010) ಇದಕ್ಕಿಂತಲೂ ಚಿಕ್ಕದು, ನನ್ನ ಮಟ್ಟಿಗೆ ಇದಕ್ಕಿಂತ ಗಟ್ಟಿ. ಇಲ್ಲಿ ಮೌನಕ್ಕೆ ಬೇರೆಯೇ ಗುಣ. 1981ರ ಬೇಸಿಗೆಯಲ್ಲಿ ಹೆಸರಿಲ್ಲದ ಹುಡುಗಿಯನ್ನು ಅಪ್ಪ ನೆಂಟರಾದ ಕಿನ್ಸೆಲ್ಲಾ ದಂಪತಿಯ ಮನೆಯಲ್ಲಿ ಬಿಟ್ಟು, ಅವಳ ಪೆಟ್ಟಿಗೆಯನ್ನೂ ಇಳಿಸದೆ ಹೊರಟುಬಿಡುತ್ತಾನೆ. ಅವಳಿಗೆ ತೊಡಿಸುವುದು ಹುಡುಗನ ಬಟ್ಟೆ. ಕೋಣೆಯ ಗೋಡೆಗೆ ರೈಲಿನ ಚಿತ್ರದ ಕಾಗದ. ಆ ಮನೆಯ ಮಗ ಸಗಣಿ ಗುಂಡಿಯಲ್ಲಿ ಮುಳುಗಿ ಸತ್ತದ್ದನ್ನು ದಂಪತಿ ಹೇಳುವುದಿಲ್ಲ, ನೆರೆಯವಳೊಬ್ಬಳು ಬಾಯಿಚಪಲಕ್ಕೆ ಹೇಳಿಬಿಡುತ್ತಾಳೆ. ಕಥೆ ವರ್ತಮಾನಕಾಲದಲ್ಲಿ, ಮಗುವಿನ ಬಾಯಲ್ಲೇ ಸಾಗುವುದರಿಂದ ಓದುಗನಿಗೆ ಅವಳಿಗಿಂತ ತುಸು ಮುಂಚೆ ವಿಷಯ ಹೊಳೆಯುತ್ತದೆ. ಇಡೀ ಪುಸ್ತಕ ನಿಂತಿರುವುದು ಆ ತುಸು ಅಂತರದ ಮೇಲೆ.

ಕೊನೆಯಲ್ಲಿ ಹುಡುಗಿ ಎರಡು ಸಲ 'ಡ್ಯಾಡಿ' ಎನ್ನುತ್ತಾಳೆ. ಅಪ್ಪ ಹತ್ತಿರ ಬರುತ್ತಿದ್ದಾನೆ, ಅವಳಿರುವುದು ಕಿನ್ಸೆಲ್ಲಾನ ತೋಳಿನಲ್ಲಿ. ಒಂದು ಅಪ್ಪ ಬರುತ್ತಿದ್ದಾನೆಂಬ ಎಚ್ಚರಿಕೆ, ಇನ್ನೊಂದು ಕಿನ್ಸೆಲ್ಲಾನನ್ನೇ ಅಪ್ಪ ಎಂದ ಕರೆ ಎನ್ನುವವರ ಪಕ್ಷ ನನ್ನದು.